ಡಿ.ಜೆ. ಅಂದರೆ ಯಾವೂರು?

ಗುಬ್ಬಿಯಲ್ಲಿ ಓಲಗದ ಚಿಕ್ಕರಂಗಯ್ಯನ ಡೋಲಿಗೆ ಎಷ್ಟು ಹೆಸರಿತ್ತೋ ಅವನ ಸೀನಿಗೂ ಅಷ್ಟೇ ಹೆಸರಿತ್ತು. ಸೊಂಟದ ಹಿತ್ತಾಳೆ ಡಬ್ಬಿ ತೆಗೆದು ಒಂದು ಚಿಟಿಕೆ ನಸ್ಯ ಏರಿಸಿದನೆಂದರೆ ಮೊದಲು ಉದ್ದಕ್ಕೆ ಒಂದು ‘ಆ…’ ಬರುತ್ತಿತ್ತು, ಆಮೇಲೆ ಎಲ್ಲವೂ ಸ್ತಬ್ಧ, ಇನ್ನೇನು ಬರಲಿಕ್ಕಿಲ್ಲ ಎಂದು ಕೇಳುವವರು ಉಸಿರು ಬಿಡುವಷ್ಟರಲ್ಲಿ ‘ಹಾಕ್ಷೀ!’ ಎಂದು ಸಿಡಿಯುತ್ತಿತ್ತು. ಬೀದಿಯ ಆ ತುದಿಯ ಕೋಳಿಗಳು ಈ ತುದಿಗೆ ಓಡಿ ಬರುತ್ತಿದ್ದವು. ತೊಂದರೆ ಏನೆಂದರೆ ಅವನಿಗೆ ಬರುತ್ತಿದ್ದದ್ದು ಒಂದೇ ಸೀನು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಂಬಿದ ಊರು ಅದು. ಎದುರು ಮನೆಯವರು ಹೊಲಕ್ಕೋ ಕೋರ್ಟಿಗೋ ಹೊರಟು ಹೊಸಿಲು ದಾಟುವಾಗ ಅವನು ಸೀನಿದರೆ ಅಲ್ಲೇ ನಿಂತುಬಿಡುತ್ತಿದ್ದರು. “ಚಿಕ್ಕರಂಗಣ್ಣ, ಇನ್ನೊಂದ್ ಸೀನ್ಬುಡಪ್ಪ, ಬಸ್ ಹೊಂಟೋಯ್ತದೆ” ಎಂದು ಕೂಗುತ್ತಿದ್ದರು. ಅವನೂ ಪಾಪ, ಮತ್ತೊಂದು ಚಿಟಿಕೆ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದನ್ನು ಒದಗಿಸಿ ಕಳಿಸುತ್ತಿದ್ದ.

ಆದರೆ ಮದುವೆ ಮನೆಯಲ್ಲಿ ತಾಳಿ ಕಟ್ಟುವವರೆಗೂ ಆ ಡಬ್ಬಿಯನ್ನು ಅವನು ಮುಟ್ಟಿದವನಲ್ಲ. ಗಟ್ಟಿಮೇಳ ಇರುವುದೇ ಸೀನು ಕೇಳಿಸಬಾರದು ಎಂದಲ್ಲವೇ? ಪುರೋಹಿತರು ಕೈಯೆತ್ತಿ “ಗಟ್ಟಿಮೇಳ” ಎಂದ ಕೂಡಲೇ ಡೋಲು, ನಾದಸ್ವರ ಎರಡೂ ಛತ್ರ ಅದುರುವ ಹಾಗೆ ಏರಬೇಕು. ಸೀನಾಗಲಿ, ಅಳುವಾಗಲಿ, ಕೆಟ್ಟ ಮಾತಾಗಲಿ ವಧುವರರ ಕಿವಿಗೆ ಬೀಳಬಾರದು. ಮೂರು ಗಂಟು ಬೀಳುವವರೆಗೆ ಕೈ ನಿಲ್ಲಬಾರದು. ಮೂವತ್ತೆಂಟು ವರ್ಷದಲ್ಲಿ ಚಿಕ್ಕರಂಗಯ್ಯನ ಕೈ ಒಂದು ಸಲವೂ ನಿಂತಿರಲಿಲ್ಲ.

ಇಂಥವನಿಗೆ ಹುಟ್ಟಿದ ಒಬ್ಬನೇ ಮಗ ಭೀಮರಾಜನಿಗೆ ಡೋಲು ಒಲಿಯಲಿಲ್ಲ. ಲೆಕ್ಕ ತಲೆಯಲ್ಲಿ ನಿಲ್ಲುತ್ತಿತ್ತು, ಬೆರಳಿಗೆ ಇಳಿಯುತ್ತಿರಲಿಲ್ಲ. ಮದುವೆಗಳಿಗೆ ಅಪ್ಪನ ಜತೆ ಹೋದರೆ ಅವನ ಕಣ್ಣೆಲ್ಲ ಮೂಲೆಯಲ್ಲಿ ಕೂತ ಮೈಕ್‌ಸೆಟ್ಟಿನವನ ಮೇಲೆ. ತೊಂಬತ್ತೊಂದರಲ್ಲಿ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದ ಮಾರನೇ ವಾರವೇ ಗುಬ್ಬಿಯ ಒಂದು ಮೈಕ್‌ಸೆಟ್ ಅಂಗಡಿಗೆ ಸೇರಿಕೊಂಡ. ಹಾರ್ನ್ ಹೊತ್ತು ತೆಂಗಿನ ಮರ ಹತ್ತಿದ, ವೈರು ಎಳೆದ, ಶಾಕ್ ಹೊಡೆಸಿಕೊಂಡ. ನಾಲ್ಕು ವರ್ಷ ಆದ ಮೇಲೆ ತುಮಕೂರಿಗೆ ಹೋಗಿ ಕ್ಯಾಸೆಟ್ ಅಂಗಡಿಯೊಂದರಲ್ಲಿ ರೆಕಾರ್ಡಿಂಗ್ ಕೆಲಸಕ್ಕೆ ನಿಂತ. ಜನ ಚೀಟಿಯಲ್ಲಿ ಹಾಡು ಬರೆದುಕೊಂಡು ಬರುತ್ತಿದ್ದರು, ಇವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ತಾಳ ತಪ್ಪದ ಹಾಗೆ ಕೂರಿಸುವ ಚಟ ಅಲ್ಲೇ ಹತ್ತಿದ್ದು. ಗಿರಾಕಿಗಳು ಬಂದು “ಹಾಡಿನ ಮಧ್ಯೆ ಸಂದೇ ಇಲ್ವಲ್ರೀ, ಯಾವ್ದು ಮುಗೀತು ಯಾವ್ದು ಶುರುವಾಯ್ತು ಗೊತ್ತಾಗಲ್ಲ” ಎಂದು ಜಗಳಕ್ಕೇ ನಿಲ್ಲುತ್ತಿದ್ದರು.

ತೊಂಬತ್ತೆಂಟರಲ್ಲಿ ಕ್ಯಾತ್ಸಂದ್ರದ ಕಡೆಯ ಒಂದು ಕಾಲೇಜಿನ ಸಮಾರಂಭಕ್ಕೆ ಸ್ಪೀಕರ್ ಇಳಿಸಲು ಹೋದಾಗ ಬೆಂಗಳೂರಿನಿಂದ ಬಂದ ಡಿಜೆ ಒಬ್ಬನನ್ನು ಕಂಡ. ಎರಡು ಸಿಡಿ ಪ್ಲೇಯರು, ನಡುವೆ ಒಂದು ಮಿಕ್ಸರು, ಒಂದು ಕಿವಿಗೆ ಮಾತ್ರ ಹೆಡ್‌ಫೋನು. ಹಾಡುವುದಿಲ್ಲ, ಬಾರಿಸುವುದಿಲ್ಲ, ಗುಂಡಿ ತಿರುಗಿಸುತ್ತಾನೆ, ಎಂಟು ನೂರು ಹುಡುಗರು ಹುಚ್ಚೆದ್ದು ಕುಣಿಯುತ್ತಾರೆ! ಭೀಮರಾಜ ಬಾಯಿ ತೆರೆದುಕೊಂಡು ನಿಂತುಬಿಟ್ಟ. ತಾನು ಮೂರು ವರ್ಷದಿಂದ ಬೈಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿದೆ, ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ ಎಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆಮೇಲಿನದು ನಾಯಿಪಾಡು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಮಿಕ್ಸರ್ ಹುಡುಕಿದ. ಬಡಗಿಯ ಮುಂದೆ ಕೂತು ಸ್ಪೀಕರ್ ಡಬ್ಬ ಮಾಡಿಸಿದ. ಬೆಳ್ಳಾವಿಯಲ್ಲಿ ವೋಲ್ಟೇಜ್ ಏರಿ ಆಂಪ್ಲಿಫೈಯರ್ ಹೊಗೆಯಾಡಿತು. ಕಾಲೇಜಿನ ಹುಡುಗರು “ಇನ್ನೂ ಜೋರು” ಎನ್ನುತ್ತಿದ್ದರು, ಪ್ರಿನ್ಸಿಪಾಲರು “ನಿಲ್ಸಯ್ಯ” ಎನ್ನುತ್ತಿದ್ದರು, ಇಬ್ಬರೂ ಬೈಯುತ್ತಿದ್ದದ್ದು ಇವನನ್ನೇ. ಲಗ್ನದ ತಿಂಗಳಲ್ಲಿ ಪುರುಸೊತ್ತಿಲ್ಲ, ಆಷಾಢದಲ್ಲಿ ನೊಣ ಹೊಡೆಯುವ ಕೆಲಸ. ಹೆಣ್ಣು ಕೇಳಲು ಹೋದ ಕಡೆ “ಹುಡ್ಗ ಏನ್ಮಾಡ್ತಾನೆ?” ಎಂದರೆ ಅವ್ವ ಪುಟ್ಟಗಂಗಮ್ಮ ಉತ್ತರ ತೋಚದೆ “ಕರೆಂಟಿನ್ ಕೆಲ್ಸ” ಎಂದುಬಿಡುತ್ತಿದ್ದಳು. ಕರೆಂಟು ಇಲಾಖೆ ಎಂದುಕೊಂಡು ಖುಷಿಯಾದವರು ಆಮೇಲೆ ವಿಚಾರಿಸಿ ಸುಮ್ಮನಾಗುತ್ತಿದ್ದರು.

ಕಷ್ಟಕ್ಕೆ ಹೆದರಿದವನಲ್ಲ ಅವನು. ಅವನನ್ನು ಕೆಡವಿದ್ದು ಎರಡು ಚುಕ್ಕೆ.

ಎರಡು ಸಾವಿರದ ಒಂದರ ಗಣೇಶನ ಹಬ್ಬಕ್ಕೆ ಗುಬ್ಬಿಯ ಹುಡುಗರು, ನಮ್ಮೂರಿನವನೇ ಇರುವಾಗ ಬೇರೆಯವರು ಯಾಕೆ ಎಂದು ಅವನನ್ನೇ ಕರೆಸಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಬ್ಯಾನರು ಕಟ್ಟಿದರು. ಡಿಜೆ ಎಂದು ಬರೆಯಬೇಕಾದ ಪೇಂಟರು, ಎಲ್ಲರ ಇನಿಷಿಯಲ್ಲಿಗೂ ಹಾಕುವ ಹಾಗೆ ಚುಕ್ಕೆ ಹಾಕಿ ‘ಶ್ರೀ ಡಿ.ಜೆ. ಭೀಮರಾಜ್ ಅವರಿಂದ ಸಂಗೀತ’ ಎಂದು ದಪ್ಪಕ್ಷರದಲ್ಲಿ ಬರೆದ.

ಊರು ಬೆಚ್ಚಿಬಿತ್ತು! ನಮ್ಮ ಕಡೆ ಹೆಸರಿನ ಮುಂದಿನ ಮೊದಲ ಅಕ್ಷರ ಊರು, ಎರಡನೆಯದು ಅಪ್ಪ. ಗುಬ್ಬಿಯ ಚಿಕ್ಕರಂಗಯ್ಯನ ಮಗ ಸ್ಕೂಲಿನಲ್ಲಿ ಜಿ.ಸಿ. ಭೀಮರಾಜ. ಈಗ ನೋಡಿದರೆ ಡಿ.ಜೆ.! ಟೀ ಅಂಗಡಿಯಲ್ಲಿ ಬೆಳಿಗ್ಗೆಯೇ ಪಂಚಾಯ್ತಿ ಕೂತಿತು. “ಡಿ ಅಂದ್ರೆ ಯಾವೂರ್ಲಾ? ದಾಬಸ್‌ಪೇಟೆನಾ?” “ಊರ್ ಹಾಳಾಗ್ಲಿ, ಜೆ ಯಾರು? ಜವರಯ್ಯನೋ ಜುಂಜಪ್ಪನೋ?” “ಎಲ್ಲೋ ದತ್ತು ಹೋಗವ್ನೆ ಬುಡು, ಆಸ್ತಿ ಸಿಕ್ಕಿರ್ಬೇಕು.” ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನಾಲಿಗೆಗೆ ಮೂಳೆ ಇಲ್ಲದ ಇನ್ನೊಬ್ಬ “ಅಪ್ಪ ಯಾರು ಅಂತ ಪುಟ್ಟಗಂಗಮ್ಮನ್ನೇ ಕೇಳ್ಬೇಕು” ಎಂದು ನಕ್ಕ. ನಸ್ಯ ಕೊಳ್ಳಲು ಬಂದು ಪಕ್ಕದಲ್ಲೇ ನಿಂತಿದ್ದ ಚಿಕ್ಕರಂಗಯ್ಯ ಅದನ್ನು ಕೇಳಿಸಿಕೊಂಡ.

ಭೀಮರಾಜ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ.

“ಜೆ ಯಾರ್ಲಾ?”

“ಅಪ್ಪಾ, ಅದು ಹೆಸ್ರಲ್ಲ. ಡಿ ಅಂದ್ರೆ ಡಿಸ್ಕು, ಜೆ ಅಂದ್ರೆ ಜಾಕಿ.”

“ಜಾಕಿನಾ? ಲಾರಿ ಎತ್ತಾರಲ್ಲ, ಅದಾ?”

“ಅದಲ್ಲ ಕಣಪ್ಪ, ಕುದುರೆ ಓಡ್ಸೋರ್ಗೂ ಜಾಕಿ ಅಂತಾರೆ…”

“ಕುದುರೆ ಓಡ್ಸಂಗಿದ್ರೆ ಕುಣಿಗಲ್ ಫಾರಂಗೆ ಹೋಗು. ನನ್ನೆಸ್ರು ಅಳ್ಸಿ ಕುದುರೆ ಹೆಸ್ರು ಇಟ್ಕಂಡ್ಯಲ್ಲೋ! ನಿಮ್ಮವ್ವನ ಬಗ್ಗೆ ಊರ್‌ನೋರು ಏನ್ ಮಾತಾಡ್ತಾವ್ರೆ ಗೊತ್ತಾ?”

ಭೀಮರಾಜನಿಗೆ ದಿಗ್ಭ್ರಮೆ. ಎರಡು ಚುಕ್ಕೆಯಿಂದ ಅವ್ವನ ಮಾನ ಬೀದಿಗೆ ಬರುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ? ಅವನು ಪೇಂಟರನ್ನು ಕರೆತರುತ್ತೇನೆಂದ, ಬ್ಯಾನರು ಹರಿಯುತ್ತೇನೆಂದ, ಅತ್ತ. ಅಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಲ್ಲಿಂದ ಮುಂದೆ ಐದು ವರ್ಷ ಅಪ್ಪ ಮಗನಿಗೆ ಮಾತಿಲ್ಲ. ಹಬ್ಬಕ್ಕೆ ಬಂದರೆ ಚಿಕ್ಕರಂಗಯ್ಯ ಹೆಂಡತಿಗೆ “ಜಾಕಿಗೆ ಮುದ್ದೆ ಇಕ್ಕು” ಎನ್ನುತ್ತಿದ್ದ, ಅಷ್ಟೇ. ಊರಿನವರಿಗೆ ಅದೇ ಒಂದು ತಮಾಷೆಯಾಯಿತು. ಭೀಮರಾಜ ಎಲ್ಲಿ ಕಂಡರೂ “ಏನ್ಲಾ, ನಿಮ್ಮಪ್ಪ ಸಿಕ್ಕುದ್ನಾ?” ಎನ್ನುತ್ತಿದ್ದರು. ನನಗಂತೂ ಆ ನಾಲಿಗೆಗಳ ಮೇಲೆ ಇವತ್ತಿಗೂ ಸಿಟ್ಟಿದೆ.

ಆ ಐದು ವರ್ಷದಲ್ಲಿ ಭೀಮರಾಜ ಬೆಳೆದ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಬಂತು. ಬೇರೆ ಡಿಜೆಗಳ ಬಳಿ ಇಲ್ಲದ ಒಂದು ವಸ್ತು ಅವನ ಬಳಿ ಇತ್ತು, ಅದರಿಂದಲೇ ಅವನಿಗೆ ಕರೆ ಬರುತ್ತಿತ್ತು. ಬರೀ ಫಾರಿನ್ ಬೀಟು ಹಾಕಿದರೆ ನಮ್ಮ ಕಡೆಯವರು ಎರಡು ನಿಮಿಷ ತಲೆಯಾಡಿಸಿ ಊಟಕ್ಕೆ ಎದ್ದುಬಿಡುತ್ತಾರೆ. ಅದರ ಕೆಳಗೆ ಡೋಲು ಸೇರಿಸಿದರೆ ಮುದುಕರೂ ಏಳುತ್ತಾರೆ. ಆ ಡೋಲು ಚಿಕ್ಕರಂಗಯ್ಯನದೇ. ತೊಂಬತ್ತೇಳರಲ್ಲಿ ಒಂದು ದಿನ ಅಪ್ಪ ಹಿತ್ತಿಲಲ್ಲಿ ಸಾಧನೆಗೆ ಕೂತಾಗ ಭೀಮರಾಜ ಬಾಗಿಲ ಹಿಂದೆ ಟೇಪ್‌ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ, ಅಪ್ಪನಿಗೆ ಅನುಮಾನ ಬಾರದಿರಲೆಂದು ಬಸ್‌ಸ್ಟ್ಯಾಂಡಿಗೆ ಹೋಗಿ ಟೀ ಕುಡಿದು ಬಂದಿದ್ದ. ಮುಂದೆ ಅದರ ಮೊದಲ ಒಂದು ನಿಮಿಷದಲ್ಲಿ ಎಂಟು ಮಾತ್ರೆಯ ತಾಳ ಕತ್ತರಿಸಿ, ಮುಗಿದ ಕೂಡಲೇ ಮತ್ತೆ ಮೊದಲಿಂದ ಬರುವ ಹಾಗೆ ಸುತ್ತು ಹಾಕಿಸಿ, ಅದನ್ನೇ ನೂರಾರು ಕಡೆ ಬಳಸಿದ. ಪೂರ್ತಿ ರೆಕಾರ್ಡಿಂಗ್ ‘ಅಪ್ಪ’ ಎಂಬ ಹೆಸರಿನಲ್ಲಿ ಕಂಪ್ಯೂಟರಿನಲ್ಲಿತ್ತು. ಕೊನೆಯವರೆಗೂ ಅದನ್ನು ಅವನು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಕೆಲಸ ಸಾಗುವುದಿಲ್ಲ ಎಂದು ಬಿಟ್ಟಿದ್ದ.

ಎರಡು ಸಾವಿರದ ಐದರಲ್ಲಿ ಚಿಕ್ಕರಂಗಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಡೋಲು ಗೋಡೆಯ ಮೊಳೆಗೆ ಹೋಯಿತು.

ಮಾರನೇ ವರ್ಷ ಯಡಿಯೂರು ಕಡೆಯ ದ್ಯಾವಪ್ಪ ಕುಣಿಗಲ್ಲಿನ ಛತ್ರದಲ್ಲಿ ಮಗಳ ಮದುವೆ ಇಟ್ಟುಕೊಂಡ. ಆರತಕ್ಷತೆಗೆ ಡಿಜೆ ಬೇಕೇ ಬೇಕು ಎಂದು ಗಂಡಿನ ಕಡೆಯವರು ಹಟ ಹಿಡಿದಿದ್ದರಿಂದ ಭೀಮರಾಜನನ್ನು ಗೊತ್ತು ಮಾಡಿದ್ದರು. ಧಾರೆಗೆ ತುಮಕೂರಿನ ಓಲಗ. ದ್ಯಾವಪ್ಪನ ಮದುವೆಗೆ ಓಲಗ ಊದಿದ್ದೇ ಚಿಕ್ಕರಂಗಯ್ಯನ ತಂಡ. ಆ ನೆನಪಿಗೆ ಅವನನ್ನೂ ಹೆಂಡತಿಯನ್ನೂ ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದ. ರಾತ್ರಿಯ ಆರತಕ್ಷತೆ ಮುಗಿಸಿ ಬೆಳಿಗ್ಗೆ ಸಾಮಾನು ಕಟ್ಟಲು ಹೊರಟಿದ್ದ ಭೀಮರಾಜ ಅಪ್ಪನನ್ನು ಕಂಡು ಗಾಬರಿಯಾಗಿ ಸ್ಪೀಕರಿನ ಹಿಂದೆ ಸರಿದ. ಅಪ್ಪ ನೋಡಿದ, ನೋಡದವನ ಹಾಗೆ ಮುಖ ತಿರುಗಿಸಿದ.

ಅಷ್ಟರಲ್ಲಿ ಬಂತು ಸಿಡಿಲಿನಂಥ ಸುದ್ದಿ. ಓಲಗದವರ ವ್ಯಾನು ಹೆಬ್ಬೂರಿನ ಹತ್ತಿರ ಕೆಟ್ಟು ನಿಂತಿದೆ. ಮುಹೂರ್ತಕ್ಕೆ ಹತ್ತು ನಿಮಿಷವೂ ಇಲ್ಲ. ದ್ಯಾವಪ್ಪನ ಮುಖ ಬಿಳಿಚಿಕೊಂಡಿತು. ಗಟ್ಟಿಮೇಳ ಇಲ್ಲದೆ ತಾಳಿಯೇ? ಗಂಡಿನ ಅಜ್ಜಿ ಚಿಕ್ಕಮಾರಮ್ಮ ಆಗಲೇ ಗೊಣಗಲು ಶುರು ಮಾಡಿದ್ದಳು. ದ್ಯಾವಪ್ಪ ಓಡಿ ಬಂದು ಭೀಮರಾಜನ ಕೈ ಹಿಡಿದ.

“ನಿನ್ ಪೆಟ್ಟಿಗೇಲಿ ಗಟ್ಟಿಮೇಳ ಏನಾರ ಐತೇನಪ್ಪ? ನಿನ್ ಕಾಲಿಗ್ ಬೀಳ್ತೀನಿ.”

“ಐತೆ ದ್ಯಾವಣ್ಣ. ಅಸಲಿ ಗಟ್ಟಿಮೇಳ” ಎಂದ ಭೀಮರಾಜ.

ಅಪ್ಪ ಇಪ್ಪತ್ತು ಅಡಿ ದೂರದಲ್ಲಿ ಕೂತಿದ್ದಾನೆ. ತಾನು ಅಪ್ಪನ ಹೆಸರು ಅಳಿಸಿದವನಲ್ಲ, ಊರೂರಿಗೆ ಹೊತ್ತು ತಿರುಗಿದವನು ಎಂದು ಬಾಯಲ್ಲಿ ಹೇಳಲು ಐದು ವರ್ಷದಿಂದ ಸಾಧ್ಯವಾಗಿರಲಿಲ್ಲ, ಈಗ ಕಿವಿಗೇ ಕೇಳಿಸಬಹುದು. ಕೈ ಮೊದಲು ಆ ಎಂಟು ಮಾತ್ರೆಯ ತುಣುಕಿನ ಮೇಲೆ ಹೋಗಿತ್ತು. ಅದನ್ನು ಹಾಕಿದ್ದರೆ ಮುಗಿದೇ ಹೋಗುತ್ತಿತ್ತು, ಗಂಟೆಗಟ್ಟಲೆ ಸುತ್ತುತ್ತಿತ್ತು. ಆದರೆ ಕತ್ತರಿಸಿದ ಎಂಟು ಮಾತ್ರೆ ಅಪ್ಪನಿಗೆ ಏನು ಮರ್ಯಾದೆ? ಪೂರ್ತಿಯೇ ಕೇಳಲಿ ಎಂದು ‘ಅಪ್ಪ’ ಎಂಬುದನ್ನು ಒತ್ತಿದ. ವಿನಾಶಕಾಲೇ ವಿಪರೀತ ಬುದ್ಧಿ.

“ಗಟ್ಟಿಮೇಳ! ಗಟ್ಟಿಮೇಳ!” ಎಂದು ಪುರೋಹಿತರು ಕೈಯೆತ್ತಿದರು.

ಡೋಲು ಇಲ್ಲದ ಛತ್ರದಲ್ಲಿ ಡೋಲು ಎದ್ದಿತು. ಜನ ಅಕ್ಷತೆ ಹಿಡಿದ ಕೈಯಲ್ಲೇ ಸುತ್ತಮುತ್ತ ಹುಡುಕಿದರು. ಚಿಕ್ಕರಂಗಯ್ಯ ಕೂತಲ್ಲಿಂದ ಅರ್ಧ ಎದ್ದ. ಆ ಹೊಡೆತ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಒಮ್ಮೆ ನೋಡಿದ, ಸ್ಪೀಕರನ್ನು ಒಮ್ಮೆ ನೋಡಿದ. ಬಣ್ಣ ಇಳಿದುಹೋದ ಆ ಮುಖ ಕಂಡು ಭೀಮರಾಜನಿಗೆ ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಅತ್ತ ಮೊದಲ ಗಂಟು ಬಿತ್ತು.

ಆಗ ಡೋಲು ನಿಂತಿತು.

ತೊಂಬತ್ತೇಳರ ಹಿತ್ತಿಲಲ್ಲಿ ಚಿಕ್ಕರಂಗಯ್ಯ ನಸ್ಯದ ಚಪಲಕ್ಕೆ ಕೈ ನಿಲ್ಲಿಸಿ ಡಬ್ಬಿ ತೆಗೆದಿದ್ದ. ಭೀಮರಾಜನಿಗೆ ಅದೇನು ಗೊತ್ತು? ವೈರು ಸಡಿಲವಾಗಿರಬೇಕೆಂದು ಗಾಬರಿಯಿಂದ ವಾಲ್ಯೂಮನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಆಳೆತ್ತರದ ನಾಲ್ಕು ಸ್ಪೀಕರಿನಿಂದ ಒಂದು ದೊಡ್ಡ ‘ಆ…’ ಬಂತು. ಆಮೇಲೆ ಎಲ್ಲವೂ ಸ್ತಬ್ಧ. ಆಮೇಲೆ…

“ಹಾಕ್ಷೀ!”

ಛತ್ರದ ಕಿಟಕಿ ಗಾಜುಗಳು ಅದುರಿದವು. ಮದುಮಗನ ಕೈಯಿಂದ ತಾಳಿಯ ದಾರದ ತುದಿ ಜಾರಿತು. ಭೀಮರಾಜ ಕಂಪ್ಯೂಟರಿನ ವೈರನ್ನೇ ಕಿತ್ತುಹಾಕಿದ. ಛತ್ರದ ಏಳು ನೂರು ಜನ ಅಕ್ಷತೆ ಹಿಡಿದ ಕೈ ಕೆಳಗಿಳಿಸಿದರು. ಯಾವುದನ್ನು ಮುಚ್ಚಲೆಂದೇ ಗಟ್ಟಿಮೇಳ ಇದೆಯೋ, ಅದನ್ನೇ ಮೈಕಿನಲ್ಲಿ ಹಾಕಿ ಕೇಳಿಸಿದ್ದ! ಇಂಥ ಅನಾಹುತವನ್ನು ಆ ಛತ್ರವಂತೂ ಕಂಡಿರಲಿಲ್ಲ, ಯಾವ ಛತ್ರವೂ ಕಂಡಿರಲಾರದು.

“ಒಂಟಿ ಸೀನು!” ಎಂದು ಚಿಕ್ಕಮಾರಮ್ಮ ಎದೆ ಬಡಿದುಕೊಂಡಳು. “ತಾಳಿ ಕಟ್ಟೋ ಹೊತ್ನಲ್ಲಿ ಒಂಟಿ ಸೀನು! ಏಳ್ಲಾ ಮೊಗ, ಹಸೆಯಿಂದ ಮೇಲೇಳು!”

ಮದುಮಗನ ಸೋದರಮಾವಂದಿರು ಎದ್ದು ನಿಂತರು. ಮದುಮಗಳು ಬಿಕ್ಕತೊಡಗಿದಳು. ಯಾರೋ ಭೀಮರಾಜನ ಕೊರಳಪಟ್ಟಿ ಹಿಡಿದು “ಯಾರ್ ಮಗನ್ಲೇ ನೀನು?” ಎಂದು ಗುಡುಗಿದ. ಭೀಮರಾಜ ತನ್ನ ಬದುಕು ಇಲ್ಲಿಗೆ ಮುಗಿಯಿತು, ಒಂದು ಹೆಣ್ಣಿನ ಬಾಳನ್ನೂ ಜತೆಗೆ ಮುಗಿಸಿದೆ ಎಂದುಕೊಂಡ. ಇನ್ನು ಈ ಸೀಮೆಯಲ್ಲಿ ಯಾರ ಮನೆಯ ಬಾಗಿಲಿಗೂ ಅವನು ಹೋಗುವ ಹಾಗಿರಲಿಲ್ಲ. ಗುಬ್ಬಿಯಿಂದ ಬಂದಿದ್ದ ನಾಲ್ಕು ಜನ ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ. ಆ ಸೀನು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮುಂದಿನ ಸಾಲಿನ ಕುರ್ಚಿಯ ಕಡೆ ನೋಡುತ್ತಿದ್ದರು.

ಕುರ್ಚಿ ಖಾಲಿಯಿತ್ತು.

ಚಿಕ್ಕರಂಗಯ್ಯ ಬಲಗಾಲು ಎಳೆಯುತ್ತ ಮಂಟಪದ ಮೆಟ್ಟಿಲು ಹತ್ತುತ್ತಿದ್ದ. ಪುರೋಹಿತರ ಮುಂದಿದ್ದ ಮೈಕಿನ ಹತ್ತಿರ ಬಂದು ನಿಂತ. ಎಡಗೈಯಿಂದ ಸೊಂಟದ ಹಿತ್ತಾಳೆ ಡಬ್ಬಿ ತೆಗೆದ, ಹಲ್ಲಿನಿಂದ ಮುಚ್ಚಳ ಬಿಚ್ಚಿದ, ಎರಡು ಬೆರಳು ತುಂಬ ನಸ್ಯ ಏರಿಸಿದ. ಮೂವತ್ತೆಂಟು ವರ್ಷದ ವ್ರತ ಅಲ್ಲಿಗೆ ಮುರಿಯಿತು.

“ಆ…”

ಛತ್ರಕ್ಕೆ ಛತ್ರವೇ ಕಾಯಿತು.

“ಹಾಕ್ಷೀ!”

ಅದೇ ಸೀನು! ಅದೇ ಗಂಟಲು, ಅದೇ ಸಿಡಿತ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಜನ ಸ್ಪೀಕರಿನ ಕಡೆ ನೋಡಿದರು, ಮುದುಕನ ಕಡೆ ನೋಡಿದರು. ಚಿಕ್ಕರಂಗಯ್ಯ ಹೆಗಲ ಟವೆಲಿನಿಂದ ಮೂಗು ಒರೆಸಿಕೊಂಡು ಮೈಕಿನಲ್ಲೇ ಹೇಳಿದ.

“ಎರಡಾಯ್ತು. ಮೊದಲ್ನೇದೂ ನಂದೇ, ಇದೂ ನಂದೇ. ಒಬ್ನೇ ಸೀನಿದ್ ಜೋಡಿ ಸೀನು. ಏನಮ್ಮ ಚಿಕ್ಕಮಾರಮ್ಮ, ಜೋಡಿ ಸೀನು ಶುಭ ತಾನೆ?”

ಚಿಕ್ಕಮಾರಮ್ಮನ ಕೈ ಎದೆಯ ಮೇಲೇ ನಿಂತಿತು. ಅವಳು ಪುರೋಹಿತರ ಮುಖ ನೋಡಿದಳು. ಗಡಿಯಾರ ನೋಡಿಕೊಂಡ ಪುರೋಹಿತರು “ಶುಭ, ಶುಭ, ಪರಮ ಶುಭ. ಮುಹೂರ್ತ ಮೀರಲು ಇನ್ನೂ ಮೂರು ನಿಮಿಷ ಇದೆ” ಎಂದು ಗಡಿಬಿಡಿಯಿಂದ ತಲೆಯಾಡಿಸಿದರು. ಅಜ್ಜಿ “ಹಂಗಾದ್ರೆ ಕಟ್ಲಾ ಮೊಗ, ಇನ್ನೇನ್ ನೋಡ್ತೀಯ” ಎಂದಳು.

ಕೊರಳಪಟ್ಟಿ ಹಿಡಿದಿದ್ದವನು ಇನ್ನೂ ಬಿಟ್ಟಿರಲಿಲ್ಲ. ಚಿಕ್ಕರಂಗಯ್ಯ ಅವನ ಕಡೆಗೆ ತಿರುಗಿದ.

“ಯಾರ್ ಮಗ ಅಂತ ಕೇಳುದ್ಯಲ್ಲಪ್ಪ. ಸೀನು ಕೇಳುಸ್ಕಂಡ್ಯಲ್ಲ, ಇನ್ನೂ ಗೊತ್ತಾಗ್ಲಿಲ್ವಾ?” ಆಮೇಲೆ ಐದು ವರ್ಷದ ಮೇಲೆ ಮೊದಲ ಸಲ ಮಗನ ಮುಖ ನೋಡಿ ಹೇಳಿದ. “ಮೊದಲಿಂದ ಹಾಕ್ಲಾ. ಡೋಲು ನಿಲ್ಲೋದ್ರೊಳ್ಗೆ ತಿರ್ಗಾ ಹಾಕು. ನನ್ ಕೈ ಗಟ್ಟಿಮೇಳದಾಗ್ ಯಾವತ್ತೂ ನಿಂತಿಲ್ಲ.”

ಭೀಮರಾಜ ಕಣ್ಣೊರೆಸಿಕೊಂಡ. ವೈರು ಸಿಕ್ಕಿಸಿ ಆ ಎಂಟು ಮಾತ್ರೆಯನ್ನು ಹಾಕಿದ. ಡೋಲು ಸುತ್ತಿತು, ಸುತ್ತಿತು, ಮೂರು ಗಂಟು ಬಿದ್ದು ಎಲ್ಲರೂ ಅಕ್ಷತೆ ಹಾಕಿ ಊಟದ ಸಾಲಿಗೆ ಓಡಿದ ಮೇಲೂ ಸುತ್ತುತ್ತಲೇ ಇತ್ತು. ಅಪ್ಪ ಸ್ಪೀಕರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಿಲ್ಲಿಸೆಂದು ಅವನೂ ಹೇಳಲಿಲ್ಲ, ಇವನೂ ನಿಲ್ಲಿಸಲಿಲ್ಲ.

ದ್ಯಾವಪ್ಪನ ಮಗಳು ಕುಣಿಗಲ್ಲಿನಲ್ಲೇ ಎರಡು ಮಕ್ಕಳ ತಾಯಾಗಿ ಚೆನ್ನಾಗಿದ್ದಾಳೆ. ಭೀಮರಾಜ ಮುಂದಿನ ಗಣೇಶನ ಹಬ್ಬಕ್ಕೆ ಗುಬ್ಬಿಯ ಬಸ್‌ಸ್ಟ್ಯಾಂಡಿನ ಹತ್ತಿರ ತಾನೇ ನಿಂತು ಬ್ಯಾನರು ಕಟ್ಟಿಸಿದ. ‘ಜಿ.ಸಿ.ಡಿ.ಜೆ. ಭೀಮರಾಜ್’. ಟೀ ಅಂಗಡಿಯವರು ಮತ್ತೆ ಕಣ್ಣು ಬಿಟ್ಟು ನಿಂತರು. “ಇದೇನ್ಲಾ, ರೈಲ್ ಉದ್ದ ಇನಿಷಿಯಲ್ಲು?” ಎಂದರು.

“ಮೊದಲಿನೆರಡು ಅಪ್ಪಂದು. ಆಮೇಲಿನೆರಡು ಹೊಟ್ಟೇದು” ಎಂದ ಭೀಮರಾಜ.